ಕಾರಿನ ಎಂಜಿನ್‌ನ ಆಯುಷ್ಯ: ಲೆಕ್ಕಪುಸ್ತಕದಲ್ಲಿ ಎಷ್ಟು, ರಸ್ತೆಯಲ್ಲಿ ಎಷ್ಟು?

ಆರ್ಥಿಕ ವರ್ಷದ ಕೊನೆಯ ತಿಂಗಳು ಬಂತೆಂದರೆ ವರ್ತಕ ಬಾಂಧವರು ತಮ್ಮ ಲೆಕ್ಕ ಪರಿಶೋಧಕರಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಕಾರಿಗೆ ಎಂಟು ವರ್ಷವಾಯಿತು, ಮಾರ್ಚ್ ಒಳಗೆ ಹೊಸದನ್ನು ಕೊಂಡರೆ ತೆರಿಗೆ ಉಳಿಯುವುದಲ್ಲವೇ?" ಇದಕ್ಕೆ ಉತ್ತರಿಸುವ ಮುನ್ನ ಕಾರಿಗೆ ಮೂರು ಬಗೆಯ ಆಯುಷ್ಯವಿದೆಯೆಂಬುದನ್ನು ತಿಳಿಯಬೇಕು. ಒಂದು ಲೆಕ್ಕಪುಸ್ತಕದ್ದು, ಮತ್ತೊಂದು ಕಾನೂನಿನದು, ಮೂರನೆಯದು ಯಂತ್ರದ್ದು. ಇವು ಮೂರೂ ಬೇರೆ ಬೇರೆ. ಒಂದನ್ನು ಮತ್ತೊಂದೆಂದು ಭಾವಿಸುವುದರಿಂದ ದುಡಿಯುವ ಬಂಡವಾಳ ಅನಗತ್ಯವಾಗಿ ವಾಹನದಲ್ಲಿ ಸಿಲುಕಿಕೊಳ್ಳುತ್ತದೆ.

ಲೆಕ್ಕಪುಸ್ತಕದ ಆಯುಷ್ಯ

2013ರ ಕಂಪನಿ ಕಾಯಿದೆಯ 2ನೆಯ ಅನುಸೂಚಿಯು ಬಾಡಿಗೆಗೆ ಓಡಿಸದ ಕಾರಿಗೆ 8 ವರ್ಷ, ಬಾಡಿಗೆಯ ಕಾರಿಗೆ 6 ವರ್ಷಗಳ ಉಪಯುಕ್ತ ಆಯುಷ್ಯವನ್ನು ನಿಗದಿಪಡಿಸಿದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರಕ್ಕೆ ಬಳಸುವ ಸಾಮಾನ್ಯ ಕಾರಿಗೆ ಇಳಿಕೆಯ ಮೌಲ್ಯದ ಮೇಲೆ ಶೇ. 15ರ ಸವಕಳಿ ದೊರೆಯುತ್ತದೆ. ಇದರಂತೆ 8 ಲಕ್ಷ ರೂಪಾಯಿಯ ಕಾರಿನ ಮೌಲ್ಯ 8 ವರ್ಷಗಳ ನಂತರ ಸುಮಾರು 2.18 ಲಕ್ಷ ರೂ., 15 ವರ್ಷಗಳ ನಂತರ ಸುಮಾರು 70,000 ರೂ. ಆಗುತ್ತದೆ. ಇವು ವೆಚ್ಚವನ್ನು ವರ್ಷಗಳಿಗೆ ಹಂಚುವ ಕ್ರಮಗಳೇ ಹೊರತು ಎಂಜಿನ್‌ನ ಸ್ಥಿತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಾನೂನಿನ ಆಯುಷ್ಯ

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತದಲ್ಲಿರುತ್ತದೆ. ಅನಂತರ ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬಂದರೆ 5 ವರ್ಷಕ್ಕೊಮ್ಮೆ ನವೀಕರಿಸಬಹುದು. ಕೆಎ-03 ಆಗಲಿ ಕೆ.ಆರ್. ಪುರದ ಕೆಎ-53 ಆಗಲಿ, ನಿಯಮ ಒಂದೇ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂ.ಗಳಿಂದ 5,000 ರೂ.ಗಳಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂ. ಮಾಡಲಾಯಿತು. ಹಳೆಯ ವಾಹನಗಳನ್ನು ವಯಸ್ಸಿನ ಆಧಾರದ ಮೇಲೆಯೇ ರಸ್ತೆಯಿಂದ ಇಳಿಸುವ ಆದೇಶಗಳು ದೆಹಲಿ ಪ್ರದೇಶಕ್ಕೆ ಸಂಬಂಧಿಸಿದವು. ಅವನ್ನು ಓದಿ ಬೆಂಗಳೂರಿನ ಮಾಲೀಕರು ಗಾಬರಿಯಿಂದ ಮಾರಬೇಕಾಗಿಲ್ಲ.

ಯಂತ್ರದ ಆಯುಷ್ಯ

ಸರಿಯಾಗಿ ನೋಡಿಕೊಂಡ ಇಂದಿನ ಎಂಜಿನ್ ಸಾಮಾನ್ಯವಾಗಿ 2ರಿಂದ 3 ಲಕ್ಷ ಕಿ.ಮೀ. ದುಡಿಯುತ್ತದೆ. ಅದನ್ನು ಮೀರಿದ ಉದಾಹರಣೆಗಳೂ ಇವೆ. ಅಮೆರಿಕದ ಅರ್ವ್ ಗಾರ್ಡನ್ ಎಂಬ ಶಿಕ್ಷಕರು 1966ರಲ್ಲಿ ಕೊಂಡ ವೋಲ್ವೊ ಕಾರು 2013ರಲ್ಲಿ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿ.ಮೀ. ಪೂರೈಸಿತು. ನಡುವೆ ಎಂಜಿನ್ ಬಿಚ್ಚಿ ದುರಸ್ತಿ ಮಾಡಿಸಿದ್ದುಂಟು. ಆದರೆ ಕಾಲಕಾಲದ ಆರೈಕೆ ಒಮ್ಮೆಯೂ ತಪ್ಪಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೀಟರು ಕಿಲೋಮೀಟರ್ ಎಣಿಸುತ್ತದೆ, ಎಂಜಿನ್ ಸವೆಯುವುದು ಗಂಟೆಗಳಲ್ಲಿ. ಟಾಮ್‌ಟಾಮ್ ಸಂಸ್ಥೆಯ 2023ರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಗರಮಧ್ಯದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಾಯಿತು. ಆ ವೇಗದಲ್ಲಿ 1 ಲಕ್ಷ ಕಿ.ಮೀ. ಓಡಲು ಎಂಜಿನ್ ಸುಮಾರು 4,700 ಗಂಟೆ ದುಡಿಯಬೇಕು. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದೇ ದೂರಕ್ಕೆ 1,670 ಗಂಟೆ ಸಾಕು. ಹಲಸೂರಿನಿಂದ ಹಳೆ ಮದ್ರಾಸು ರಸ್ತೆಯಲ್ಲಿ ಹೊರಟು ಟಿನ್ ಫ್ಯಾಕ್ಟರಿಯ ಬಳಿ ನಿಂತೇ ಇರುವ ಕಾರು ಮೀಟರಿನ ಲೆಕ್ಕದಲ್ಲಿ ಎಳೆಯದಾಗಿದ್ದರೂ ಒಳಗೆ ವಯಸ್ಸಾಗಿರುತ್ತದೆ. ಆದುದರಿಂದ ಆಯಿಲ್ ಬದಲಾವಣೆಗೆ ಕಿ.ಮೀ. ಒಂದನ್ನೇ ನಂಬದೆ, ಕೈಪಿಡಿಯಲ್ಲಿ ಕಠಿಣ ಬಳಕೆಗೆ ಹೇಳಿರುವ ಅವಧಿಯನ್ನು ಅನುಸರಿಸುವುದು ಲೇಸು. ಮನೆಯಿಂದ ಅಂಗಡಿಗೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿಗೂ ಇದು ಅನ್ವಯಿಸುತ್ತದೆ. ಎಂಜಿನ್ ಪೂರ್ಣ ಬಿಸಿಯಾಗದೆ ನಿಂತರೆ ಆಯಿಲಿನಲ್ಲಿ ತೇವಾಂಶ ಮತ್ತು ಇಂಧನ ಸೇರಿ ಅದರ ಗುಣ ಕೆಡುತ್ತದೆ.

ನಮ್ಮ ಭಾಗದಲ್ಲಿ ಗಮನಿಸಬೇಕಾದ ಇತರ ಅಂಶಗಳು:

1. ನೀರು. ಕೆ.ಆರ್. ಪುರ, ಮಹದೇವಪುರ ಕಡೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಬಳಕೆ ಹೆಚ್ಚು. ಇಂತಹ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಒಳಗೆ ಸುಣ್ಣ ಕಟ್ಟಿ ಎಂಜಿನ್ ಅತಿಯಾಗಿ ಕಾಯುತ್ತದೆ. ಕಂಪನಿ ಸೂಚಿಸಿದ ಕೂಲಂಟನ್ನೇ ಬಳಸಬೇಕು.

2. ಪ್ರವಾಹ. 2022ರ ಸೆಪ್ಟೆಂಬರ್‌ನಲ್ಲಿ ಪೂರ್ವ ಬೆಂಗಳೂರಿನ ಬಡಾವಣೆಗಳು ಮುಳುಗಿದ್ದನ್ನು ಕಂಡಿದ್ದೇವೆ. ನೀರು ನುಗ್ಗಿದ ಎಂಜಿನ್ನನ್ನು ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಈ ನಷ್ಟ ಬಹುತೇಕ ಸೇರಿರುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯವನ್ನು ಪರಿಶೀಲಿಸಿರಿ. ಕಾರನ್ನು ಚಾಲೂ ಮಾಡದೆ ಎಳೆಸಿಕೊಂಡು ಹೋಗಿರಿ.

3. ಇಂಧನ. ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿಯೇ. ಅದಕ್ಕೆ ಹಿಂದಿನ ಕಾರುಗಳಲ್ಲಿ ಇಂಧನ ಕೊಳವೆ, ಗ್ಯಾಸ್ಕೆಟ್ ಮುಂತಾದ ರಬ್ಬರ್ ಭಾಗಗಳನ್ನು ಆಗಾಗ ಪರೀಕ್ಷಿಸಿ ಬದಲಿಸಬೇಕು.

4. ಟೈಮಿಂಗ್ ಬೆಲ್ಟ್. ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಅದನ್ನು ಅವಧಿಗೆ ಸರಿಯಾಗಿ ಬದಲಿಸದಿದ್ದರೆ, ತುಂಡಾದಾಗ ವಾಲ್ವ್‌ಗಳು ಬಾಗಿ ಹಲವು ಪಟ್ಟು ವೆಚ್ಚ ತರುತ್ತದೆ.

ದುರಸ್ತಿಯೋ, ಹೊಸ ಕಾರೋ?

ಈಗ ಮೊದಲಿನ ಪ್ರಶ್ನೆ. 9 ಲಕ್ಷ ರೂ. ಕೊಟ್ಟು ಮಾರ್ಚ್‌ನಲ್ಲಿ ಕಾರು ಕೊಂಡರೆ, ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾಗುವುದರಿಂದ ಅರ್ಧ ಸವಕಳಿ ಮಾತ್ರ, ಅಂದರೆ 67,500 ರೂ. ಶೇ. 30ರ ದರದಲ್ಲಿ ಉಳಿಯುವ ತೆರಿಗೆ, ಸೆಸ್ ಬಿಟ್ಟು, 20,250 ರೂ. ಇಷ್ಟಕ್ಕಾಗಿ 9 ಲಕ್ಷ ಹೊರಹೋಗುತ್ತದೆ. ಬದಲಿಗೆ 80,000 ರೂ.ಗಳಲ್ಲಿ ಎಂಜಿನ್ ಓವರ್‌ಹಾಲ್ ಮಾಡಿಸಿದಿರೆಂದು ಭಾವಿಸೋಣ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ಚಾಲ್ತಿ ದುರಸ್ತಿಯಾದ್ದರಿಂದ ವ್ಯವಹಾರದ ಬಳಕೆಯ ಮಟ್ಟಿಗೆ ಅದು ಅದೇ ವರ್ಷದ ವೆಚ್ಚ. ಪೂರ್ಣ ವ್ಯವಹಾರದ ಬಳಕೆಯಾಗಿದ್ದರೆ 24,000 ರೂ. ತೆರಿಗೆ ಉಳಿದು, ನಿಜವಾದ ಹೊರೆ 56,000 ರೂ. ಕಾರು ಇನ್ನು 4 ವರ್ಷ ಓಡಿದರೆ ವರ್ಷಕ್ಕೆ 14,000 ರೂ. ಮಾತ್ರ. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವರ್ತಕರಿಗಾದರೋ ಸವಕಳಿಯೂ ದುರಸ್ತಿಯೂ ಪ್ರತ್ಯೇಕವಾಗಿ ಸಿಗುವುದಿಲ್ಲ. ಅವರಿಗೆ ತೆರಿಗೆಯ ನೆಪವೇ ಇಲ್ಲ.

ಜಿ.ಎಸ್.ಟಿ.ಯಲ್ಲಿಯೂ ಸಾಮಾನ್ಯ ಕಾರಿನ ಖರೀದಿಯ ಇನ್‌ಪುಟ್ ಕ್ರೆಡಿಟ್ ವರ್ತಕರಿಗೆ ದೊರೆಯುವುದಿಲ್ಲ. ಹಳೆಯದನ್ನು ಮಾರುವಾಗ 2025ರ ಜನವರಿಯಿಂದ ನೋಂದಾಯಿತ ವರ್ತಕರು ಲಾಭಾಂಶದ ಮೇಲೆ ಶೇ. 18 ತೆರಬೇಕು. ಸವಕಳಿ ಪಡೆದಿದ್ದರೆ ಲಾಭಾಂಶವೆಂದರೆ ಮಾರಾಟದ ಬೆಲೆಯಲ್ಲಿ ಸವಕಳಿ ಕಳೆದ ಮೌಲ್ಯವನ್ನು ಕಳೆದು ಉಳಿದದ್ದು. 2.18 ಲಕ್ಷದ ಕಾರು 2.60 ಲಕ್ಷಕ್ಕೆ ಮಾರಾಟವಾದರೆ 42,000 ರೂ. ಮೇಲೆ 7,560 ರೂ. ತೆರಿಗೆ. ನಷ್ಟವಾದರೆ ತೆರಿಗೆಯಿಲ್ಲ.

ಓವರ್‌ಹಾಲ್ ಬದಲು ಶಿವಾಜಿನಗರದಲ್ಲಿ ಹಳೆಯ ಎಂಜಿನ್ ಕೊಂಡು ಕೂರಿಸುವವರೂ ಇದ್ದಾರೆ. ಎಂಜಿನ್ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಿರುವುದರಿಂದ, ಬಿಲ್ಲನ್ನೂ ಮೂಲ ವಾಹನದ ದಾಖಲೆಯನ್ನೂ ಪಡೆದು ಸಾರಿಗೆ ಕಚೇರಿಯ ಅನುಮೋದನೆಯೊಂದಿಗೆ ಬದಲಾಯಿಸಬೇಕು. ಇಲ್ಲವಾದರೆ ವಿಮೆಯ ಕ್ಲೇಮು ತಿರಸ್ಕೃತವಾಗುವುದಲ್ಲದೆ, ಕಳವಿನ ಮಾಲೆಂಬ ಆರೋಪಕ್ಕೂ ಗುರಿಯಾಗಬೇಕಾದೀತು.

ತೀರ್ಮಾನಿಸುವ ಕ್ರಮ ಸರಳ. ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಆಯಿಲ್ ಎಷ್ಟು ಉರಿಯುತ್ತಿದೆಯೆಂದು ನೋಡಿರಿ. ಎಂಜಿನ್ ಸರಿಯಿದ್ದು ದೇಹ ಮತ್ತು ಚಾಸಿಸ್ ತುಕ್ಕು ಹಿಡಿದಿರದಿದ್ದರೆ ಕಾರನ್ನು ಉಳಿಸಿಕೊಳ್ಳಿರಿ. ದೇಹವೇ ಶಿಥಿಲವಾಗಿದ್ದರೆ ಎಂಜಿನ್‌ಗೆ ಹಣ ಸುರಿಯಬೇಡಿ. ಪ್ರತಿಯೊಂದು ಸರ್ವಿಸಿನ ಬಿಲ್ಲನ್ನೂ ಒಂದು ಕಡತದಲ್ಲಿಡಿ. ತೆರಿಗೆ ಅಧಿಕಾರಿಗೆ ಅದು ವೆಚ್ಚದ ಪುರಾವೆ, ಮುಂದೆ ಕಾರು ಕೊಳ್ಳುವವನಿಗೆ ಎಂಜಿನ್‌ನ ಆರೋಗ್ಯದ ಪುರಾವೆ. ಉಳಿದ ಹಣ ಸರಕಿನಲ್ಲಿಯೋ ಯಂತ್ರದಲ್ಲಿಯೋ ತೊಡಗಿದರೆ ಅದು ಗಳಿಸುತ್ತದೆ. ನಿಂತ ಕಾರು ಗಳಿಸುವುದಿಲ್ಲ.