ಫ್ಯಾನು ಹೆಚ್ಚು, ಗಾಳಿ ಕಡಿಮೆ

ಹೊಸ ಕಂಪ್ಯೂಟರ್ ಜೋಡಿಸಬೇಕೆನ್ನುವ ಹೊಸೂರಿನವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಸುಮಾರು 40 ಕಿ.ಮೀ. ದೂರ. ಅಲ್ಲಿ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡುಗಳಿಗೆ ಪೈಸೆ ಪೈಸೆ ಲೆಕ್ಕ ಹಾಕುವವರೂ ಕ್ಯಾಬಿನೆಟ್ಟನ್ನು ಮಾತ್ರ ಅಂದ ನೋಡಿ ಎತ್ತಿಕೊಳ್ಳುತ್ತಾರೆ: ಮುಂದೊಂದು ಗಾಜು, ಅದರ ಹಿಂದೆ ಬಣ್ಣ ಬದಲಿಸುವ ಮೂರು ಫ್ಯಾನು. ಒಳಗಿನ ಬಿಸಿ ಹೊರಬೀಳುತ್ತದೋ ಇಲ್ಲವೋ ಎಂಬುದು ಆ ಫ್ಯಾನುಗಳ ಸಂಖ್ಯೆಗಿಂತ ಹೆಚ್ಚಾಗಿ, ಗಾಳಿ ಒಳಬರುವ ದಾರಿ ಎಷ್ಟು ಅಗಲವಾಗಿದೆ ಎಂಬುದರ ಮೇಲೆ ನಿಂತಿದೆ.

1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಮದರ್‌ಬೋರ್ಡ್ ವಿನ್ಯಾಸ ತಂದಾಗ ಪ್ರೊಸೆಸರುಗಳು ಹತ್ತು-ಹದಿನೈದು ವ್ಯಾಟ್ ಬಿಸಿಯಲ್ಲಿ ಕೆಲಸ ಮುಗಿಸುತ್ತಿದ್ದವು. ಪವರ್ ಸಪ್ಲೈನ ಫ್ಯಾನೊಂದೇ ಹೊರಗಿನ ಗಾಳಿಯನ್ನು ಎಳೆದು ಪ್ರೊಸೆಸರಿನ ಮೇಲೆ ಬೀಸಿದರೆ ಸಾಕೆಂದುಕೊಂಡಿದ್ದರು. ಆ ಗಾಳಿ ದಾರಿಯಲ್ಲೇ ಕಾಯುತ್ತಿತ್ತಾದ್ದರಿಂದ ಆಮೇಲೆ ಫ್ಯಾನಿನ ದಿಕ್ಕು ತಿರುಗಿಸಿದರು. ಈಗ ದೊಡ್ಡ ಪ್ರೊಸೆಸರೊಂದೇ 250 ವ್ಯಾಟ್ ದಾಟುತ್ತದೆ. ಒಟ್ಟು 300 ವ್ಯಾಟ್ ಬಿಸಿ ಹೊರಹಾಕಬೇಕು, ಒಳಗಾಳಿ ಕೋಣೆಗಿಂತ 10 ಡಿಗ್ರಿಗಿಂತ ಹೆಚ್ಚು ಕಾಯಬಾರದು ಎಂದಿಟ್ಟುಕೊಂಡರೆ, ಸಮುದ್ರಮಟ್ಟದಲ್ಲಿ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಹಾಯಬೇಕು. ಹೊಸೂರು ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಹತ್ತರಲ್ಲೊಂದು ಪಾಲು ತೆಳು, ಹಾಗಾಗಿ 28 ಲೀಟರ್ ಬೇಕು. ಕೆಳಗಿಳಿದು ಕೃಷ್ಣಗಿರಿಗೆ ಹೋದರೆ ಗಾಳಿ ತುಸು ದಟ್ಟವಾಗುತ್ತದೆ ನಿಜ, ಆದರೆ ಅಲ್ಲಿನ ಬೇಸಿಗೆ ಆ ಲಾಭವನ್ನು ನುಂಗಿಹಾಕುತ್ತದೆ. ಕೋಣೆ 5 ಡಿಗ್ರಿ ಹೆಚ್ಚು ಕಾದರೆ ಚಿಪ್ಪೂ ಬಹುಮಟ್ಟಿಗೆ ಅಷ್ಟೇ ಹೆಚ್ಚು ಕಾಯುತ್ತದೆ. ಇನ್ನು ಗಾಜಿನ ಮುಖದ ವಿಚಾರ. 120 ಮಿ.ಮೀ. ಫ್ಯಾನೊಂದರ ರೆಕ್ಕೆಗಳು ಗಾಳಿ ತಳ್ಳುವ ಜಾಗ ಸುಮಾರು 90 ಚದರ ಸೆಂ.ಮೀ.; ಮೂರು ಫ್ಯಾನಿಗೆ 270. ಗಾಜಿನ ಪಕ್ಕದಲ್ಲಿ 40 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಸೀಳೊಂದನ್ನೇ ಬಿಟ್ಟಿದ್ದರೆ ದಾರಿ ಬರೀ 40. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನು ಎಷ್ಟು ತಿರುಗಿದರೇನು? ಸದ್ದು ಬರುತ್ತದೆ, ಗಾಳಿ ಬರುವುದಿಲ್ಲ. ಪಕ್ಕದ ಬಾಗಿಲಿಗೆ ಗಾಜಿದ್ದರೆ ಇಷ್ಟು ತಕರಾರಿಲ್ಲ. ಸಾಮಾನ್ಯವಾಗಿ ಅದು ಗಾಳಿಯ ದಾರಿಯಲ್ಲ.

ಬಿಸಿಗಾಳಿ ತಾನಾಗಿಯೇ ಮೇಲೇರುವುದರಿಂದ ಮಾಡಿನಲ್ಲಿ ತೂತಿದ್ದರೆ ಸಾಕು ಎನ್ನುವವರಿದ್ದಾರೆ. ಮೇಲೇರುವುದು ಸುಳ್ಳಲ್ಲ, ಆದರೆ ಅರ್ಧ ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ 10 ಡಿಗ್ರಿ ವ್ಯತ್ಯಾಸ ಹುಟ್ಟಿಸುವ ಒತ್ತಡ 0.2 ಪ್ಯಾಸ್ಕಲ್ ಮುಟ್ಟುವುದಿಲ್ಲ. ಸಾಧಾರಣ ಫ್ಯಾನು ಹತ್ತು ಪ್ಯಾಸ್ಕಲ್ ದಾಟಿ ತಳ್ಳಬಲ್ಲದು. ಫ್ಯಾನು ಕೆಳಮುಖವಾಗಿ ಬೀಸಿದರೆ ಬಿಸಿಗಾಳಿಯೂ ಕೆಳಗೇ ಹೋಗುತ್ತದೆ. ಚಿಪ್ಪು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದಲ್ಲ ಎನ್ನುವುದು ಇನ್ನೊಂದು ವಾದ. ಹೌದು, 100 ಡಿಗ್ರಿಯ ಹತ್ತಿರ ಬಂದಾಗ ಅದು ವೇಗ ತಗ್ಗಿಸಿ ಬದುಕಿಕೊಳ್ಳುತ್ತದೆ. ಆದರೆ ದುಡ್ಡು ಕೊಟ್ಟದ್ದು ಆ ವೇಗಕ್ಕೇ ತಾನೆ.

ಗಾಜಿನ ಬದಲು ಜಾಲರಿ ಇರುವ ಮುಖದ ಮೇಲಿನ ದೂರು ಧೂಳು. ಕಲ್ಲುಕ್ವಾರಿ, ಕ್ರಷರುಗಳಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮುಂದೆ ಮುಚ್ಚಿ ಹಿಂದಿನಿಂದ ಹೀರಿದರೆ ಧೂಳೇನೂ ನಿಲ್ಲುವುದಿಲ್ಲ. ಪೆಟ್ಟಿಗೆಯೊಳಗೆ ಒತ್ತಡ ಕುಸಿದು, ಕಾರ್ಡು ಕೂರಿಸುವ ಸಂದು, ಸ್ಕ್ರೂ ತೂತು, ತಗಡಿನ ಬಿರುಕುಗಳಿಂದೆಲ್ಲ ಗಾಳಿ ಸೋಸದೆ ನುಗ್ಗುತ್ತದೆ. ಅದರ ಬದಲು ಮುಂದಿನಿಂದ ಒಳಬರುವ ಗಾಳಿ ಹಿಂದೆ ಹೋಗುವುದಕ್ಕಿಂತ ತುಸು ಹೆಚ್ಚಿರಲಿ. ಆಗ ಸಂದುಗಳಿಂದ ಗಾಳಿ ಹೊರಕ್ಕೇ ಸೋರುತ್ತದೆ, ಧೂಳು ಬಹುಮಟ್ಟಿಗೆ ಮುಂದಿನ ಬಲೆಯಲ್ಲೇ ಕೂರುತ್ತದೆ. ಆ ಬಲೆಯನ್ನು ತೆಗೆದು ತೊಳೆಯುವಂತಿರಬೇಕು, ತೊಳೆಯಲೂ ಬೇಕು. ಧೂಳು ಕಟ್ಟಿದ ಜಾಲರಿಗೂ ಗಾಜಿಗೂ ಹೆಚ್ಚು ವ್ಯತ್ಯಾಸವಿಲ್ಲ. ಪಕ್ಕದ ತಗಡು ಬಿಚ್ಚಿ ಓಡಿಸುವ ನಮ್ಮೂರ ಉಪಾಯ ಬಿಸಿ ತಗ್ಗಿಸಬಹುದು, ಆದರೆ ಧೂಳಿಗಿದ್ದ ತಡೆಯೂ ಅದರ ಜೊತೆಗೇ ಹೋಯಿತು.

ಅಂಗಡಿಯಲ್ಲಿ ಬಿಲ್ ಹಾಕುವ ಯಂತ್ರಕ್ಕೆ ಇಷ್ಟೆಲ್ಲ ತಲೆಬಿಸಿ ಬೇಡ. ಅರವತ್ತು ವ್ಯಾಟಿಗೆ ಯಾವ ಡಬ್ಬಿಯಾದರೂ ನಡೆಯುತ್ತದೆ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ದಿನವಿಡೀ ಯಂತ್ರಭಾಗಗಳ ವಿನ್ಯಾಸ ಬಿಡಿಸುವ ಕಚೇರಿ, ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋಗಳ ಪಾಡು ಬೇರೆ. ಅಂಥ ಕಡೆ ಒಳ್ಳೆಯ ಕ್ಯಾಬಿನೆಟ್ಟನ್ನೂ ಮೇಜಿನ ಕೆಳಗಿನ ಬಾಗಿಲಿರುವ ಗೂಡಿನಲ್ಲಿ ತುರುಕಿಬಿಟ್ಟರೆ ಅದು ತಾನು ಉಗುಳಿದ ಬಿಸಿಯನ್ನೇ ಮತ್ತೆ ಒಳಗೆಳೆದುಕೊಳ್ಳುತ್ತದೆ. ನಾಲ್ಕನೆಯ ಫ್ಯಾನು ಕೊಳ್ಳುವ ಮೊದಲು ಗೂಡಿನ ಹಿಂಬದಿಯ ಹಲಗೆ ತೆಗೆಸಿ, ಬಾಗಿಲನ್ನು ತೆರೆದಿಡುವುದು ಅಗ್ಗದ ದಾರಿ.