ಮರೆವೆಲ್ಲ ರೋಗವಲ್ಲ

ಬಸವಕಲ್ಯಾಣದಲ್ಲಿರುವ ನಮ್ಮ ಸೋದರತ್ತೆಗೆ ಎಂಬತ್ತು ಸಮೀಪಿಸಿದೆ. ಮನೆಯಲ್ಲಿ ಕನ್ನಡ, ಉಮರ್ಗಾದ ಬೀಗರೊಂದಿಗೆ ಮರಾಠಿ, ಪಕ್ಕದ ಮನೆಯವರೊಂದಿಗೆ ಉರ್ದು ಸಲೀಸಾಗಿ ಆಡುತ್ತಾರೆ. ಈಚೆಗೆ ಅವರಿಗೊಂದು ಚಿಂತೆ ಹತ್ತಿದೆ: “ತಮ್ಮಾ, ಮಂದಿ ಹೆಸರು ಬಾಯಿತನ ಬರ್ತಾವ, ಹೊರಗ ಬರವಲ್ವು. ನನಗ ಮರವಿನ ರೋಗ ಬಂದದೇನು?”

ಹುಮನಾಬಾದಿನ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಇದು ರೋಗವೋ ಸಹಜ ಮುಪ್ಪೋ ಎಂದು ಹೇಳಬೇಕಾದರೆ ಆರೋಗ್ಯವಾಗಿರುವ ಮುದಿ ಮಿದುಳು ಹೇಗಿರುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಅದನ್ನು ತೋರಿಸುವುದು ಎಂಆರ್‌ಐ. ಇದರಲ್ಲಿ ಎಕ್ಸ್‌ರೇ ಇಲ್ಲ. 3 ಟೆಸ್ಲಾ ಯಂತ್ರದ ಕಾಂತಶಕ್ತಿ ಭೂಮಿಯದಕ್ಕಿಂತ ಸುಮಾರು 60,000 ಪಟ್ಟು ಹೆಚ್ಚು. ದೇಹದ ನೀರಿನಲ್ಲಿರುವ ಜಲಜನಕದ ಕಣಗಳು ಅದಕ್ಕೆ ಓಗೊಟ್ಟು ಕೊಡುವ ಸಂಕೇತಗಳಿಂದ ಮಿದುಳಿನ ಚಿತ್ರ ಮೂಡುತ್ತದೆ.

ವಯಸ್ಸಾದಂತೆ ಮಿದುಳಿನ ಹೊರಪದರ ನಿಧಾನವಾಗಿ ತೆಳುವಾಗುತ್ತದೆ, ಒಳಗಿನ ದ್ರವದ ಕೋಣೆಗಳು ಹಿಗ್ಗುತ್ತವೆ. ಹಣೆಯ ಹಿಂದಿನ ಭಾಗವೂ, ಹೊಸ ನೆನಪುಗಳಿಗೆ ಬೇಕಾದ ಹಿಪೊಕ್ಯಾಂಪಸ್ಸೂ ಹೆಚ್ಚು ಸವೆಯುತ್ತವೆ; ನೋಟದ ಭಾಗ ಅಷ್ಟಾಗಿ ಸವೆಯುವುದಿಲ್ಲ. ಬಿ.ಪಿ. ಹೆಚ್ಚಿದ್ದವರ ಚಿತ್ರದಲ್ಲಿ ಬಿಳಿ ಮಚ್ಚೆಗಳು ಹೆಚ್ಚು ಕಾಣಸಿಗುತ್ತವೆ. ರಕ್ತದ ಆಮ್ಲಜನಕವನ್ನು ಗುರುತಿಸಿ ಮಿದುಳು ಕೆಲಸ ಮಾಡುವುದನ್ನೇ ತೋರಿಸುವ ಎಫ್‌ಎಂಆರ್‌ಐನಲ್ಲಿ ಇನ್ನೊಂದು ವಿಷಯ ಹೊರಬಿದ್ದಿದೆ: ಹರೆಯದವರು ಒಂದೇ ಬದಿಯಿಂದ ಮಾಡುವ ಕೆಲವು ಕೆಲಸಗಳಿಗೆ ಹಿರಿಯರು ಎರಡೂ ಬದಿಗಳನ್ನು ಹಚ್ಚುತ್ತಾರೆ. ಒಂಟಿ ಎತ್ತಿಗೆ ಭಾರವಾದಾಗ ಜೋಡಿ ಕಟ್ಟಿದ ಹಾಗೆ. ಹೆಸರು ತಡವಾಗಿ ನೆನಪಾಗುವುದು ಇಂಥ ಮುಪ್ಪಿನಲ್ಲಿ ಸಹಜ. ನಿತ್ಯ ಓಡಾಡುವ ದಾರಿಯೇ ತಪ್ಪತೊಡಗಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅತ್ತೆಗೆ ಇದನ್ನೇ ಹೇಳಿದೆ.

ಆದರೆ ಯಾರ ಮಿದುಳಿಗೆ ಯಾರದನ್ನು ಹೋಲಿಸುವುದು? ಬಹುಕಾಲ ಪಾಶ್ಚಾತ್ಯರ ಮಿದುಳಿನ ನಕ್ಷೆಯೇ ಅಳತೆಗೋಲಾಗಿತ್ತು. ಹೈದರಾಬಾದಿನ ಐಐಐಟಿ 2019ರಲ್ಲಿ 100 ಭಾರತೀಯರ ಚಿತ್ರಗಳಿಂದ ನಮ್ಮದೇ ನಕ್ಷೆ ತಯಾರಿಸಿತು. ಅವರೆಲ್ಲ 21ರಿಂದ 30 ವರ್ಷದವರು. ನಿಮ್ಹಾನ್ಸ್ 2020ರಲ್ಲಿ ಪ್ರಕಟಿಸಿದ ನಕ್ಷೆಗಳು 6ರಿಂದ 60 ವರ್ಷದವರೆಗಿನವು. ಅರವತ್ತು ದಾಟಿದವರು ಅಲ್ಲೂ ಹೊರಗುಳಿದರು.

ಆ ಕೊರತೆಗೆ ಉತ್ತರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ, ಮರೆವಿನ ಕಾಯಿಲೆಯಿಲ್ಲದ 10,000 ಜನರನ್ನು ಗುರಿಯಾಗಿಟ್ಟು ಅಧ್ಯಯನ ನಡೆಸುತ್ತಿದೆ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಎಂಆರ್‌ಐ ಎಲ್ಲವೂ ಅದರಲ್ಲಿವೆ. ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿದಾಗ ಮಾತ್ರ ಸಹಜ ಸವೆತ ಎಲ್ಲಿ ಮುಗಿದು ರೋಗ ಎಲ್ಲಿ ಮೊದಲಾಯಿತೆಂದು ತಿಳಿದೀತು.

ಇಂಥ ಅಧ್ಯಯನ ಬೀದರ್ ಜಿಲ್ಲೆಗೂ ಬರಬೇಕೆಂಬುದು ನನ್ನ ಆಸೆ. ಅದಕ್ಕೆ ಕಾರಣವಿದೆ. ಹುಮನಾಬಾದಿನಿಂದ ಹೆದ್ದಾರಿ ಹಿಡಿದರೆ ಸಿಗುವ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಯ 648 ರೋಗಿಗಳ ವಿವರ ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದುಬರಹ ಬಾರದವರಲ್ಲೂ. ಅದು ರೋಗಿಗಳ ದಾಖಲೆಗಳಿಂದ ಬಂದ ತಿಳಿವಳಿಕೆ. ಅದೇ ಪ್ರಶ್ನೆಯನ್ನು ಆರೋಗ್ಯವಂತರ ಮಿದುಳಿನ ಚಿತ್ರಗಳಿಗೆ ಕೇಳಲು ಮೂರ್ನಾಲ್ಕು ಭಾಷೆಗಳನ್ನು ಸಂತೆಯಲ್ಲೇ ಕಲಿತ ನಮ್ಮ ಹಿರಿಯರಿಗಿಂತ ತಕ್ಕವರು ಎಲ್ಲಿದ್ದಾರೆ?

ಅಲ್ಲಿಯವರೆಗೆ ನಾವು ಮಾಡಬೇಕಾದದ್ದೂ ಇದೆ. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಬೆಳೆದಿತ್ತು, ಬರೀ ಮೈಸಡಿಲಿಸುವ ವ್ಯಾಯಾಮ ಮಾಡಿದವರದು ಕುಗ್ಗಿತ್ತು. ಮನೆಯ ಹಿರಿಯರ ಬಿ.ಪಿ., ಸಕ್ಕರೆ, ಕಿವಿ ಪರೀಕ್ಷೆ ಮಾಡಿಸಿ. ಅವರ ಜೊತೆ ದಿನಾ ನಡೆಯಿರಿ, ಮಾತಾಡಿ. ಅರವತ್ತಕ್ಕೆ ಅರಳು ಮರಳು ಎಂದು ಕೈಬಿಡುವ ಹಕ್ಕು ನಮಗಿಲ್ಲ.