ವಸತಿ ಸಮುಚ್ಚಯಗಳಲ್ಲಿ ನಾಯಿ ಸಾಕಣೆಯ ನಿಯಮಗಳು

ಅನೇಕ ಕುಟುಂಬಗಳು ಒಂದೇ ಕಟ್ಟಡದಲ್ಲಿ ವಾಸಿಸುವಾಗ ನಾಯಿ ಸಾಕುವ ನಿವಾಸಿಯ ಹಕ್ಕು ಮತ್ತು ಹೊಣೆಗಳನ್ನೂ, ನಿವಾಸಿಗಳ ಸಂಘದ ಅಧಿಕಾರದ ಮಿತಿಯನ್ನೂ ನಿರ್ಧರಿಸುವ ಕಾನೂನು ಹಾಗೂ ಮಾರ್ಗಸೂಚಿಗಳನ್ನು ವಸತಿ ಸಮುಚ್ಚಯಗಳಲ್ಲಿ ನಾಯಿ ಸಾಕಣೆಯ ನಿಯಮಗಳು ಎನ್ನಬಹುದು. ಕರ್ನಾಟಕದಲ್ಲಿ ಇದಕ್ಕೆಂದೇ ರಚಿತವಾದ ಪ್ರತ್ಯೇಕ ಕಾಯಿದೆಯಿಲ್ಲ. ಕೇಂದ್ರದ ಕಾಯಿದೆಗಳು, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಗಳು, ನ್ಯಾಯಾಲಯಗಳ ತೀರ್ಪುಗಳು ಮತ್ತು ಸಂಘಗಳ ಉಪವಿಧಿಗಳು ಕೂಡಿ ಇಲ್ಲಿನ ವ್ಯವಸ್ಥೆಯನ್ನು ರೂಪಿಸಿವೆ. ಬಹುಮತದ ನಿರ್ಣಯದಿಂದ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ನಾಯಿಯ ಒಡೆಯನು ನೆರೆಯವರ ಬಗೆಗಿನ ಹೊಣೆಯಿಂದ ನುಣುಚಿಕೊಳ್ಳುವಂತೆಯೂ ಇಲ್ಲ ಎಂಬುದು ಇವೆಲ್ಲದರ ಸಾರ.

ಕಾನೂನಿನ ಹಿನ್ನೆಲೆ

ಜೀವಿಗಳ ಬಗ್ಗೆ ಅನುಕಂಪ ತೋರುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನದ ೫೧ಎ(ಜಿ) ವಿಧಿ ಹೇಳುತ್ತದೆ. ೧೯೭೬ರ ೪೨ನೆಯ ತಿದ್ದುಪಡಿಯ ಮೂಲಕ ಇದು ಸಂವಿಧಾನವನ್ನು ಸೇರಿತು. ಇದಕ್ಕೂ ಮೊದಲೇ ಜಾರಿಗೆ ಬಂದ ಪ್ರಾಣಿ ಹಿಂಸೆ ತಡೆ ಕಾಯಿದೆ, ೧೯೬೦ರ ೧೧ನೆಯ ಪ್ರಕರಣದ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯ ನೀಡದಿರುವುದು, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟದ ಅವಕಾಶ ಕೊಡದಿರುವುದು, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಅದನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ಅಪರಾಧಕ್ಕೆ ಈ ಪ್ರಕರಣ ವಿಧಿಸುವ ದಂಡ ೧೦ರಿಂದ ೫೦ ರೂಪಾಯಿಗಳು ಮಾತ್ರ.

ನೆರೆಹೊರೆಯ ಒತ್ತಡಕ್ಕೆ ಮಣಿದು ನಾಯಿಯನ್ನು ದೂರದ ಬೀದಿಯಲ್ಲಿ ಬಿಟ್ಟುಬಂದರೆ ಈ ಕಾಯಿದೆಯಡಿ ತಪ್ಪಿತಸ್ಥನಾಗುವವನು ಬಿಟ್ಟುಬಂದವನೇ. ಆದ್ದರಿಂದ ಸಂಘದ ಸೂಚನೆ ಕಾನೂನಿಗೆ ವಿರುದ್ಧವಾಗಿದೆಯೇ ಎಂಬುದನ್ನು ನಿವಾಸಿಯು ಮೊದಲು ತಿಳಿದುಕೊಳ್ಳುವುದು ಅಗತ್ಯ.

ಸಂಘಗಳ ಅಧಿಕಾರದ ಮಿತಿ

ಕರ್ನಾಟಕ ಗೃಹ ಮಂಡಳಿ ಅಥವಾ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಟ್ಟಿಸಿ ಮಾರಿದ ಫ್ಲಾಟ್‌ಗಳಿರಲಿ, ಖಾಸಗಿ ಸಮುಚ್ಚಯಗಳಿರಲಿ, ದೈನಂದಿನ ನಿರ್ವಹಣೆ ಸಾಮಾನ್ಯವಾಗಿ ಮಾಲೀಕರ ಸಂಘದ ಕೈಯಲ್ಲಿರುತ್ತದೆ. ಸ್ವಚ್ಛತೆ, ಶಬ್ದ, ಸಾಮಾನ್ಯ ಜಾಗಗಳ ಬಳಕೆ ಮುಂತಾದವುಗಳ ಬಗ್ಗೆ ಸಂಘವು ಉಪವಿಧಿ ರಚಿಸಬಹುದು. ಅವು ದೇಶದ ಕಾನೂನನ್ನು ಮೀರುವಂತಿಲ್ಲ.

ಪ್ರಾಣಿ ಕಲ್ಯಾಣ ಮಂಡಳಿಯು ೨೦೧೫ರ ಫೆಬ್ರವರಿಯಲ್ಲಿ ನಿವಾಸಿಗಳ ಸಂಘಗಳಿಗಾಗಿ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅವುಗಳ ಮುಖ್ಯ ಅಂಶಗಳು ಹೀಗಿವೆ:

* ಬಹುಸಂಖ್ಯಾತ ನಿವಾಸಿಗಳು ಒಪ್ಪಿದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ.
* ನಾಯಿಯ ಗಾತ್ರವನ್ನಾಗಲಿ, ಅದು ಬೊಗಳುವುದನ್ನಾಗಲಿ ನಿಷೇಧಕ್ಕೆ ಕಾರಣವಾಗಿ ಒಡ್ಡುವಂತಿಲ್ಲ.
* ನಾಯಿಯೊಂದಿಗೆ ಲಿಫ್ಟ್ ಬಳಸುವುದನ್ನು ತಡೆಯುವಂತಿಲ್ಲ, ಅದಕ್ಕಾಗಿ ಹೆಚ್ಚುವರಿ ಶುಲ್ಕ ಪಡೆಯುವಂತಿಲ್ಲ.
* ಉದ್ಯಾನದಲ್ಲಿ ನಾಯಿಗಳ ವಿಹಾರಕ್ಕೆ ಸಮಯ ಗೊತ್ತುಪಡಿಸಬಹುದು.

ಕೇರಳ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ, ಸಾಕುಪ್ರಾಣಿಗಳನ್ನು ಪೂರ್ಣವಾಗಿ ನಿಷೇಧಿಸುವ ಸಂಘಗಳ ಉಪವಿಧಿಗಳು ಕಾನೂನುಬಾಹಿರವೆಂದು ತೀರ್ಪು ನೀಡಿತು. ಬಾಡಿಗೆ ಮನೆಯ ವಿಷಯ ಇದಕ್ಕಿಂತ ಭಿನ್ನ. ಅಲ್ಲಿ ಸಂಘದ ಉಪವಿಧಿಯ ಜೊತೆಗೆ ಮನೆಯ ಮಾಲೀಕನೊಡನೆ ಮಾಡಿಕೊಂಡ ಕರಾರೂ ಇರುವುದರಿಂದ, ನಾಯಿ ಸಾಕುವ ಒಪ್ಪಿಗೆಯನ್ನು ಅದರಲ್ಲಿ ಮೊದಲೇ ಬರೆಸಿಕೊಳ್ಳುವುದು ಒಳಿತು.

ಒಡೆಯನ ಹೊಣೆಗಳು

ಮಕ್ಕಳು, ವೃದ್ಧರು, ನಾಯಿಗೆ ಹೆದರುವವರು ಅದೇ ಮೆಟ್ಟಿಲನ್ನು ಬಳಸುತ್ತಾರೆ. ಅವರ ಸುರಕ್ಷತೆಯೂ ಅಷ್ಟೇ ಮುಖ್ಯ. ಸಾಮಾನ್ಯ ಜಾಗಗಳಲ್ಲಿ ನಾಯಿಯನ್ನು ಸರಪಳಿ ಅಥವಾ ಪಟ್ಟಿಯಲ್ಲಿ ಹಿಡಿದಿರುವುದು, ಮಲವನ್ನು ತಾನೇ ಎತ್ತಿ ವಿಲೇವಾರಿ ಮಾಡುವುದು, ಕಾಲಕಾಲಕ್ಕೆ ರೇಬೀಸ್ ಲಸಿಕೆ ಹಾಕಿಸುವುದು ಒಡೆಯನ ಕರ್ತವ್ಯಗಳು. ಭಾರತೀಯ ನ್ಯಾಯ ಸಂಹಿತೆ, ೨೦೨೩ರ ೨೯೧ನೆಯ ಪ್ರಕರಣದಂತೆ, ತನ್ನ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯವಾಗದಂತೆ ಅಥವಾ ತೀವ್ರ ಗಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗಿನ ಸೆರೆವಾಸ, ೫,೦೦೦ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು ಅಥವಾ ಅಂಗಹೀನಗೊಳಿಸುವುದು ಅದೇ ಸಂಹಿತೆಯ ೩೨೫ನೆಯ ಪ್ರಕರಣದಡಿ ಐದು ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧ.

ಸಂಖ್ಯೆ ಮತ್ತು ತಳಿಯ ಮಿತಿ

೨೦೧೮ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಫ್ಲಾಟ್‌ಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿಗಳೆಂಬ ಮಿತಿಯುಳ್ಳ ಪರವಾನಗಿ ಉಪವಿಧಿಗಳನ್ನು ತಂದಿತು. ತೀವ್ರ ವಿರೋಧದ ಬಳಿಕ ಅವುಗಳನ್ನು ತಡೆಹಿಡಿಯಲಾಯಿತು. ಕೇಂದ್ರ ಸರಕಾರವು ೨೦೨೪ರ ಮಾರ್ಚ್ ೧೨ರಂದು ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ ೨೩ ತಳಿಗಳ ಸಾಕಣೆಯನ್ನು ನಿರ್ಬಂಧಿಸಲು ಹೊರಡಿಸಿದ ಸುತ್ತೋಲೆಯನ್ನು, ಸಂಬಂಧಪಟ್ಟವರ ಅಭಿಪ್ರಾಯ ಕೇಳಿರಲಿಲ್ಲವೆಂಬ ಕಾರಣದಿಂದ, ಕರ್ನಾಟಕ ಉಚ್ಚ ನ್ಯಾಯಾಲಯವು ಏಪ್ರಿಲ್ ೧೦ರಂದು ರದ್ದುಗೊಳಿಸಿತು.

ಸಿಂಗಪುರದಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯಿದೆ. ಅಲ್ಲಿನ ವಸತಿ ಮತ್ತು ಅಭಿವೃದ್ಧಿ ಮಂಡಳಿಯ ಫ್ಲಾಟ್‌ಗಳಲ್ಲಿ ಅನುಮೋದಿತ ಸಣ್ಣ ತಳಿಯ ಒಂದೇ ನಾಯಿಯನ್ನು ಪರವಾನಗಿ ಪಡೆದು ಸಾಕಬಹುದು.

ಬೀದಿನಾಯಿಗಳು

ಸಮುಚ್ಚಯದ ಆವರಣದಲ್ಲಿ ವಾಸಿಸುವ ಬೀದಿನಾಯಿಗಳಿಗೆ ಪ್ರಾಣಿ ಜನನ ನಿಯಂತ್ರಣ ನಿಯಮಗಳು, ೨೦೨೩ ಅನ್ವಯಿಸುತ್ತವೆ. ಅವುಗಳ ೨೦ನೆಯ ನಿಯಮದಂತೆ ಆಹಾರ ನೀಡುವ ಸ್ಥಳವು ಮಕ್ಕಳ ಆಟದ ಜಾಗ, ಮೆಟ್ಟಿಲು ಮತ್ತು ಪ್ರವೇಶದ್ವಾರಗಳಿಂದ ದೂರವಿರಬೇಕು. ವಿವಾದ ಉಂಟಾದರೆ ಪಶುವೈದ್ಯಾಧಿಕಾರಿ, ಪೊಲೀಸ್ ಪ್ರತಿನಿಧಿ, ದೂರುದಾರ ಮತ್ತು ಸಂಘದ ಪ್ರತಿನಿಧಿ ಮುಂತಾದವರಿರುವ ಸಮಿತಿಯು ಅದನ್ನು ಇತ್ಯರ್ಥಗೊಳಿಸುತ್ತದೆ.

ಸ್ಥಳೀಯ ಆಡಳಿತ

ಕೇಂದ್ರದ ಈ ಕಾನೂನುಗಳು ಬೆಂಗಳೂರಿಗೂ ಕರಾವಳಿಯ ಸಣ್ಣ ಊರುಗಳಿಗೂ ಸಮಾನವಾಗಿ ಅನ್ವಯಿಸುತ್ತವೆ. ಸ್ಥಳೀಯ ಆಡಳಿತ ಸಂಸ್ಥೆ ಮಾತ್ರ ಬೇರೆಯಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ಪಟ್ಟಣದಲ್ಲಿ ಪುರಸಭೆಯೂ, ಅದೇ ತಾಲೂಕಿನ ಬಾಡದಂಥ ಗ್ರಾಮದಲ್ಲಿ ಗ್ರಾಮ ಪಂಚಾಯಿತಿಯೂ ಆ ಸಂಸ್ಥೆಯಾಗಿರುತ್ತದೆ. ಸಂಘದ ನಿರ್ಣಯದಿಂದ ಬಾಧಿತನಾದ ನಿವಾಸಿಯು ಮೊದಲು ಲಿಖಿತ ಆಕ್ಷೇಪಣೆ ಸಲ್ಲಿಸಿ, ಲಸಿಕೆಯ ದಾಖಲೆಗಳನ್ನು ಜೊತೆಗಿರಿಸಿ, ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಗಳತ್ತ ಸಂಘದ ಗಮನ ಸೆಳೆಯಬಹುದು. ಅದರಿಂದ ಪರಿಹಾರ ದೊರೆಯದಿದ್ದರೆ ನ್ಯಾಯಾಲಯದ ಮೊರೆ ಹೋಗಬಹುದು.